ಗಯೆಯಲ್ಲಿ ಸುಫಲಕ್ಕೂ ಚೌಕಾಸಿ: ಪ್ರಯಾಗ, ಕಾಶಿ, ಗಯೆಗೆ ಹೊರಟವರಿಗಾಗಿ

ಅಪ್ಪನ ವರ್ಷಾಂತಿಕ ಮುಗಿಸಿ, ಅಮ್ಮ, ಅಣ್ಣ, ಅತ್ತಿಗೆ ಜೊತೆ ಪ್ರಯಾಗ, ಕಾಶಿ, ಗಯೆ ಮೂರೂ ಕಡೆ ಹೋಗಿ ಈಗಷ್ಟೇ ಬಂದಿದ್ದೇನೆ. ಹಿರಿಯರಿಗೆ ಪಿಂಡ ಇಡುವ ಕಾರ್ಯ ಆಯಿತು. ಅಮ್ಮನಿಗೆ ಸಮಾಧಾನವೂ ಆಯಿತು. ಆದರೆ ಅಲ್ಲಿ ಕಂಡ ಗಲೀಜು, ಹೆಜ್ಜೆ ಹೆಜ್ಜೆಗೂ ನಡೆದ ದುಡ್ಡಿನ ಜಗ್ಗಾಟ, ಗಯೆಯಲ್ಲಿ ಕಾರ್ಯ ಮುಗಿದ ಮೇಲೆ ಕೊಡುವ "ಸುಫಲ" ಅನ್ನುವ ಆಶೀರ್ವಾದಕ್ಕೂ ನಡೆದ ಚೌಕಾಸಿ ನೆನೆಸಿಕೊಂಡರೆ ಇನ್ನೂ ಹೊಟ್ಟೆ ಉರಿಯುತ್ತದೆ. ನಮ್ಮ ಕಡೆಯಿಂದ ಎಷ್ಟೋ ಮನೆಯವರು ಇದೇ ಕೆಲಸಕ್ಕೆ ಹೊರಡುತ್ತಾರೆ. ಯಾವ ಜಾಗದಲ್ಲಿ ಏನು ಕಾದಿದೆ ಅಂತ ಮೊದಲೇ ಗೊತ್ತಿದ್ದರೆ ಅಷ್ಟು ನೋವಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ದೇವರ ಮೇಲೆ ನಂಬಿಕೆ ಇಲ್ಲದವಳ ಮಾತು ಅಂದುಕೊಳ್ಳಬೇಡಿ. ನಂಬಿಕೆ ಇರುವುದಕ್ಕೇ ಇಷ್ಟು ಸಂಕಟ.

ಮೊದಲು ತಯಾರಿ. ರೈಲಿನ ಟಿಕೆಟ್ಟಿಗಿಂತ ದೊಡ್ಡ ಕೆಲಸ ಹೆಸರುಗಳನ್ನು ಕೂಡಿಸುವುದು. ಅಪ್ಪ, ತಾತ, ಮುತ್ತಾತ, ಅವರವರ ಹೆಂಡತಿಯರು. ಅಮ್ಮನ ತವರಿನ ಕಡೆಯೂ ಮೂರು ತಲೆಮಾರು. ಗೋತ್ರ, ತೀರಿಕೊಂಡ ತಿಥಿ. ಗಯೆಯಲ್ಲಿ ಇವರಿಗಷ್ಟೇ ಅಲ್ಲ, ಚಿಕ್ಕಪ್ಪ, ಅತ್ತೆ, ಮಾವ, ಗೆಳೆಯರು, ಮನೆಯಲ್ಲಿ ದುಡಿದವರು, ಸಾಕಿದ ದನ, ನಾಯಿ, ಯಾರೂ ದಿಕ್ಕಿಲ್ಲದೆ ಹೋದವರು, ಎಲ್ಲರಿಗೂ ಪಿಂಡ ಇಡಬಹುದು. ನಮ್ಮ ಮುತ್ತಜ್ಜಿಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಊರಿನಲ್ಲಿರುವ ದೊಡ್ಡಮ್ಮನಿಗೆ ಫೋನ್ ಮಾಡಿದೆ. "ಎಲ್ರೂ ಪುಟ್ಟಕ್ಕ ಅಂತಿದ್ರು ಕಣೇ. ನಿಜವಾದ ಹೆಸರು ಸಾವಿತ್ರಮ್ಮ ಇರ್ಬೇಕು, ತಾಳು ಕೇಳಿ ಹೇಳ್ತೀನಿ" ಅಂದರು. ಸಂಜೆ ಅವರೇ ಫೋನ್ ಮಾಡಿ ಹೌದು ಅಂದರು. ಇದನ್ನೆಲ್ಲ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ಪುರೋಹಿತರು ಕೇಳುವ ಹೊತ್ತಿಗೆ ತಲೆ ಓಡುವುದಿಲ್ಲ. ಗೋತ್ರ ಗೊತ್ತಿಲ್ಲದಿದ್ದರೆ ಹೆದರಬೇಡಿ, ಕಾಶ್ಯಪ ಗೋತ್ರ ಅಂತ ಹೇಳಿ ಮಾಡಿಸುವ ರೂಢಿ ಇದೆ. ಮಠ, ಛತ್ರಗಳಲ್ಲಿ ಉಳಿಯಲು ಪ್ರತಿಯೊಬ್ಬರ ಆಧಾರ್ ಕಾರ್ಡೂ ಅದರ ಪ್ರತಿಯೂ ಬೇಕು.

ಅಪ್ಪನ ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟಿದ್ದೆವು. ಕಾವೇರಿ ಅಲ್ಲಿ ಪಶ್ಚಿಮಕ್ಕೆ ತಿರುಗಿ ಹರಿಯುತ್ತಾಳೆ. ಆವತ್ತು ನೀರಿಗೆ ಇಳಿದಾಗ ಕಾಲಿಗೆ ಸಿಕ್ಕಿದ್ದು ಯಾರದ್ದೋ ಪಂಚೆ, ಯಾರದ್ದೋ ಸೀರೆ, ಒಡೆದ ಮಡಕೆ. ಅಣ್ಣ ಮಡಕೆ ಹಿಡಿದುಕೊಂಡು ಶುದ್ಧ ನೀರು ಎಲ್ಲಿದೆ ಅಂತ ಹುಡುಕುತ್ತಾ ನಿಂತಿದ್ದ. 2025ರ ಮಾರ್ಚಿನಲ್ಲಿ ನಮ್ಮ ರಾಜ್ಯದ ಪರಿಸರ ಸಚಿವರು ತೀರ್ಥಕ್ಷೇತ್ರಗಳಲ್ಲಿ ನದಿ ದಡದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು, ನದಿಗೆ ಬಟ್ಟೆ ಬಿಡದಂತೆ ತಡೆಯಬೇಕು ಅಂತ ಸೂಚನೆ ಕೊಟ್ಟಿದ್ದರು. ಓದಿ ಖುಷಿಯಾಗಿತ್ತು. ಬಟ್ಟೆ ಬಿಡುವುದು ಶಾಸ್ತ್ರ ಅಂತ ಜನ ನಂಬಿದ್ದಾರೆ. ಯಾವ ಶಾಸ್ತ್ರವೂ ನದಿಯನ್ನು ಕಸದ ತೊಟ್ಟಿ ಮಾಡು ಅಂತ ಹೇಳಲಾರದು. ನಾವು ಈ ಸಲ ಮೂರೂ ಕಡೆ ಒದ್ದೆ ಬಟ್ಟೆಯನ್ನು ಹಿಂಡಿ, ಚೀಲಕ್ಕೆ ಹಾಕಿಕೊಂಡು ಬಂದೆವು. ಯಾರೂ ತಪ್ಪು ಅನ್ನಲಿಲ್ಲ.

ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್ ಹತ್ತಿದೆವು. ಎರಡು ದಿನದ ಹಾದಿ. ಪ್ರಯಾಗರಾಜ್ ಛಿವಕಿ ಸ್ಟೇಷನ್ನಿನಲ್ಲಿ ಇಳಿಯಬೇಕು, ಅದು ಯಮುನೆಯ ಈಚೆ ದಡದಲ್ಲಿದೆ. ಡಿಸೆಂಬರ್ ಆದ್ದರಿಂದ ಜಬಲ್ಪುರ ದಾಟಿದ ಮೇಲೆ ಮಂಜು ಮುಸುಕಿ ರೈಲು ತೆವಳಿತು. ಬೆಳಗ್ಗೆ ಸಂಗಮ ಸ್ನಾನ ಅಂದುಕೊಂಡವರು ಕತ್ತಲಾದ ಮೇಲೆ ಇಳಿದೆವು. ಚಳಿಗಾಲದಲ್ಲಿ ಹೋಗುವವರು ಒಂದು ಊರಿಗೂ ಇನ್ನೊಂದಕ್ಕೂ ನಡುವೆ ಒಂದು ದಿನ ಖಾಲಿ ಇಟ್ಟುಕೊಳ್ಳಿ. ಮುಂದಿನ ರೈಲು, ಮುಂದಿನ ಪುರೋಹಿತರು ಎಲ್ಲವನ್ನೂ ಅಂಟಿಸಿ ಇಟ್ಟರೆ ಒಂದು ತಡವಾಗಿದ್ದಕ್ಕೆ ಎಲ್ಲ ಕುಸಿಯುತ್ತದೆ.

ಸಂಗಮದಲ್ಲಿ ದೋಣಿಯವರು ನಮ್ಮ ಮಾತು ಕೇಳಿದ ಕೂಡಲೇ "ಕರ್ನಾಟಕ? ಬನ್ನಿ ಅಮ್ಮಾ" ಅಂತ ಸುತ್ತುವರಿದರು. ನಾಲ್ಕು ಜನಕ್ಕೆ 5,000 ರೂಪಾಯಿಯಿಂದ ಶುರುವಾಗಿ 1,800ಕ್ಕೆ ಇಳಿಯಿತು. ತಲೆಗೆ ಇಷ್ಟೋ, ದೋಣಿಗೆ ಇಷ್ಟೋ ಅನ್ನುವುದನ್ನು ಹತ್ತುವ ಮೊದಲೇ ಕೇಳಿಕೊಳ್ಳಿ. ನಮ್ಮ ಪಕ್ಕದ ದೋಣಿಯಲ್ಲಿದ್ದ ರಾಯಚೂರಿನ ಮನೆಯವರಿಗೆ ಒಟ್ಟು ರೇಟು ಅಂತ ಹೇಳಿ, ನಡು ನೀರಿನಲ್ಲಿ ಅದು ತಲೆಗೆ ಅಂದರಂತೆ. ಹೋಗಿಬರುವುದಕ್ಕೆ ಎಷ್ಟು, ಸ್ನಾನಕ್ಕೆ ಎಷ್ಟು ಹೊತ್ತು ಕಾಯುತ್ತಾರೆ ಅನ್ನುವುದೂ ಮಾತಾಗಿರಬೇಕು.

ಗಂಗೆಯ ಬೂದು ನೀರು, ಯಮುನೆಯ ಹಸಿರು ನೀರು ಸೇರುವ ಗೆರೆ ಕಣ್ಣಿಗೆ ಕಾಣುತ್ತದೆ. ಅದನ್ನು ನೋಡಿ ಅಮ್ಮ ಕೈ ಮುಗಿದರು. ಅಲ್ಲಿ ದೋಣಿಗಳನ್ನೇ ಜೋಡಿಸಿ ಹಲಗೆ ಹಾಕಿ ಸ್ನಾನಕ್ಕೆ ಜಾಗ ಮಾಡಿದ್ದಾರೆ. ಅಣ್ಣ ಅತ್ತಿಗೆ ವೇಣಿದಾನಕ್ಕೆ ಕೂತರು. ಗಂಡ ಹೆಂಡತಿಯ ಜಡೆ ಹೆಣೆದು, ತುದಿ ಕತ್ತರಿಸಿ ತ್ರಿವೇಣಿಗೆ ಬಿಡುವ ಕ್ರಮ ಅದು. ನಮ್ಮ ಕಡೆಯವರಿಗೆ ಅದೊಂದು ದೊಡ್ಡ ಆಸೆ. ಅಣ್ಣನಿಗೆ ಜಡೆ ಹೆಣೆಯಲು ಬರುವುದಿಲ್ಲ. ಮೂರು ಕಾಲು ಮಾಡಿ ಹೇಗೋ ಸುತ್ತಿದ. ಅತ್ತಿಗೆ ನಾಚಿಕೊಂಡು ನಗುತ್ತಿದ್ದರು. ಅಷ್ಟರಲ್ಲಿ ಮಂತ್ರ ನಿಂತಿತು. ಮೊರದ ಬಾಗಿನಕ್ಕೆ ಬೇರೆ, ಗಂಗಾಪೂಜೆಗೆ ಬೇರೆ, ತೆಂಗಿನಕಾಯಿಗೆ ಬೇರೆ ಅಂತ ಲೆಕ್ಕ ಶುರುವಾಯಿತು. ನಾವು ಅರ್ಪಿಸಿದ ತೆಂಗಿನಕಾಯಿ ನೀರಿಗೆ ಬಿದ್ದು ನಾಲ್ಕು ಮಾರು ತೇಲುವುದರೊಳಗೆ ಒಬ್ಬ ಹುಡುಗ ಈಜಿ ಹೋಗಿ ತಂದ. ಅದೇ ಕಾಯಿ ಮುಂದಿನ ದೋಣಿಯವರ ಕೈಗೆ ಹೋಯಿತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಆ ಚಳಿಯಲ್ಲಿ ನೀರಿಗೆ ಇಳಿದವನು ಅವನು. ಆದರೆ ಕಾಯಿ ಮಾರಿದವರು ಮುಖ ತಿರುಗಿಸಿಕೊಂಡೂ ಮಾರಲಿಲ್ಲ, ನಮ್ಮ ಕಣ್ಣೆದುರೇ ಮಾರಿದರು. ಅರ್ಪಿಸುವವರ ಮನಸ್ಸಿಗೆ ಏನಾಗುತ್ತದೆ ಅನ್ನುವ ಯೋಚನೆಯೇ ಇಲ್ಲ.

ಹೆಂಗಸರು ಬಟ್ಟೆ ಬದಲಿಸಲು ದಡದಲ್ಲಿ ಬಟ್ಟೆಯ ಮರೆ ಕಟ್ಟಿದ್ದರು. ಒಳಗೆ ಪಾದ ಮುಳುಗುವಷ್ಟು ಕೆಸರು. ಅಮ್ಮನಿಗೆ ಮಂಡಿನೋವು, ಒಂಟಿ ಕಾಲಲ್ಲಿ ನಿಲ್ಲಲಾಗದೆ ನನ್ನ ಹೆಗಲು ಹಿಡಿದು ಒದ್ದೆ ಸೀರೆ ಬದಲಿಸಿದರು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಒಂದು ಮಡಚುವ ಸ್ಟೂಲು, ಒಂದು ಪ್ಲಾಸ್ಟಿಕ್ ಹಾಳೆ ಒಯ್ಯಿರಿ. ಇನ್ನೊಂದು ಮಾತು. ಅಮ್ಮ ಮೂರು ಸಲ ನೀರು ಬೊಗಸೆಯಲ್ಲಿ ಎತ್ತಿ ಕುಡಿಯಲು ಹೋದಾಗ ನಾನು ತಡೆದೆ. 2025ರ ಕುಂಭಮೇಳದ ಹೊತ್ತಿನಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ಇಲ್ಲಿನ ನೀರಿನಲ್ಲಿ ಮಲದಿಂದ ಬರುವ ಬ್ಯಾಕ್ಟೀರಿಯಾ ಸ್ನಾನದ ಮಿತಿಗಿಂತ ಜಾಸ್ತಿ ಇದೆ ಅಂತ ಹಸಿರು ನ್ಯಾಯಮಂಡಳಿಗೆ ವರದಿ ಕೊಟ್ಟಿತ್ತು. ಆ ಮಿತಿಯೇ 100 ಮಿಲಿಲೀಟರ್ ನೀರಿಗೆ 2,500 ಬ್ಯಾಕ್ಟೀರಿಯಾ. ಅಮ್ಮ ಬೇಜಾರು ಮಾಡಿಕೊಂಡು, ತಲೆಗೆ ಪ್ರೋಕ್ಷಣೆ ಮಾಡಿಕೊಂಡರು. ಗಂಗೆಯ ನೀರನ್ನು ಕುಡಿಯಬೇಡ ಅಂತ ಮಗಳು ತಾಯಿಗೆ ಹೇಳಬೇಕಾಗಿ ಬಂತಲ್ಲ ಅನ್ನುವುದು ನನಗೆ ಇವತ್ತಿಗೂ ಚುಚ್ಚುತ್ತದೆ.

ಕಾಶಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. 2021ರ ಡಿಸೆಂಬರಿನಲ್ಲಿ ವಿಶ್ವನಾಥನ ಸನ್ನಿಧಿಯ ಹೊಸ ಕಾರಿಡಾರ್ ಆದ ಮೇಲೆ ಗಂಗೆಯ ದಡದಿಂದ ನೇರವಾಗಿ ಗುಡಿಗೆ ನಡೆಯಬಹುದು. ಒಳಗೆ ಜಾಗ ವಿಶಾಲ, ಚೊಕ್ಕಟ. ಮೊದಲು ಹೋಗಿಬಂದಿದ್ದ ಅತ್ತಿಗೆಯ ಅಮ್ಮ ಹೇಳಿದ್ದ ಇಕ್ಕಟ್ಟು ನಮಗೆ ಕಾಣಲಿಲ್ಲ. ತೊಂದರೆ ಇರುವುದು ಹೊರಗಿನ ಗಲ್ಲಿಯಲ್ಲಿ. ಗುಡಿಗೆ ಫೋನು, ಚೀಲ, ಪೆನ್ನು ಒಯ್ಯುವ ಹಾಗಿಲ್ಲ. ಅದಕ್ಕೇ ಗಲ್ಲಿಯ ಅಂಗಡಿಗಳು "ಲಾಕರ್ ಫ್ರೀ" ಅಂತ ಕೂಗುತ್ತವೆ. ಫೋನು ಒಳಗಿಟ್ಟು ಬೀಗ ಹಾಕಿದ ಮೇಲೆ ಪೂಜೆ ತಟ್ಟೆ ಕೈಗೆ ಬರುತ್ತದೆ. ಅದರಲ್ಲಿ ಒಂದು ಹಾರ, ಒಂದಿಷ್ಟು ಪೇಡ, ಬಿಲ್ವಪತ್ರೆ. 500 ರೂಪಾಯಿ. ಬೇಡ ಅಂದರೆ ಬೀಗದ ಕೈ ಸಿಗುವುದಿಲ್ಲ. ಜೊತೆಗೆ ಒಬ್ಬರು ಅಂಟಿಕೊಂಡು, ಕ್ಯೂ ಇಲ್ಲದೆ ದರ್ಶನ ಮಾಡಿಸುತ್ತೇನೆ, ತಲೆಗೆ ಸಾವಿರ ಅಂತ ಹಿಂದೆ ಬರುತ್ತಾರೆ. ನಮ್ಮ ಉಪಾಯ ಇಷ್ಟೇ: ಮಾರನೇ ದಿನ ಫೋನು, ಚೀಲ ಎಲ್ಲ ರೂಮಿನಲ್ಲೇ ಬಿಟ್ಟು, ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು ಬೆಳಗಿನ ಜಾವ ನಡೆದು ಹೋದೆವು. ಯಾರೂ ತಡೆಯಲಿಲ್ಲ. ದುಡ್ಡು ಕೊಟ್ಟು ಬೇಗ ದರ್ಶನ ಮಾಡುವ "ಸುಗಮ ದರ್ಶನ"ದ ಟಿಕೆಟ್ ಬೇಕಿದ್ದರೆ ದೇವಸ್ಥಾನದ ಟ್ರಸ್ಟಿನ ವೆಬ್‌ಸೈಟಿನಲ್ಲೇ ತೆಗೆದುಕೊಳ್ಳಿ. ಹೆಸರಿನ ಸಮೇತ ಬರುವ ಆ ರಸೀದಿ ಮುಂದೆ ಇನ್ನೊಂದು ಕೆಲಸಕ್ಕೂ ಬೇಕು, ಕೊನೆಯಲ್ಲಿ ಹೇಳುತ್ತೇನೆ.

ಹರಿಶ್ಚಂದ್ರ ಘಾಟಿನ ಪಕ್ಕದಲ್ಲೇ ಮೈಸೂರು ಸಂಸ್ಥಾನದವರು ಕಟ್ಟಿಸಿದ ಘಾಟ್ ಇದೆ, ಈಗ ಅದನ್ನು ಕರ್ನಾಟಕ ಘಾಟ್ ಅನ್ನುತ್ತಾರೆ. ಸಂಜೆ ಅಲ್ಲಿ ಮೆಟ್ಟಿಲ ಮೇಲೆ ಕೂತೆವು. ಗೋಡೆಗೆ ಬರೆದ ಕನ್ನಡ ಅಕ್ಷರ ಕಂಡು ಅಮ್ಮನಿಗೆ ಊರಿಗೆ ಬಂದಷ್ಟು ಖುಷಿ. ಕೆಳಗಿನ ಮೆಟ್ಟಿಲ ತುಂಬ ಪಾನ್ ಉಗುಳು, ಹರಿದ ಹಾರ, ಗುಟ್ಕಾ ಪೊಟ್ಟಣ. ಪಕ್ಕದಲ್ಲಿ ಕೂತಿದ್ದ ನಮ್ಮ ಕಡೆಯವರೇ ಒಬ್ಬರು ಬಾಳೆಹಣ್ಣು ತಿಂದು ಸಿಪ್ಪೆಯನ್ನು ಗಂಗೆಗೆ ಎಸೆದರು. ಅದನ್ನೂ ಹೇಳಬೇಕಲ್ವಾ?

ಈಗ ಗಯೆ. ಕಾಶಿಯಿಂದ ಸುಮಾರು 250 ಕಿಲೋಮೀಟರ್. 2025ರ ಮೇ ತಿಂಗಳಲ್ಲಿ ಬಿಹಾರ ಸರ್ಕಾರ ಊರಿನ ಹೆಸರನ್ನು ಗಯಾಜಿ ಅಂತ ಬದಲಿಸಿದೆ, ಬೋರ್ಡುಗಳಲ್ಲಿ ಎರಡೂ ಕಾಣುತ್ತವೆ. ಕನ್ನಡ ಮಾತಾಡುವ ಪುರೋಹಿತರನ್ನು ಮೊದಲೇ ಫೋನಿನಲ್ಲಿ ಗೊತ್ತು ಮಾಡಿದ್ದೆವು. ಫಲ್ಗು ನದಿ, ವಿಷ್ಣುಪಾದದ ಗುಡಿ, ಅಕ್ಷಯವಟ ಅನ್ನುವ ಆಲದ ಮರ, ಮೂರು ಕಡೆಯ ಪಿಂಡಕ್ಕೆ ಸಾಮಾನು ಸೇರಿ 6,500 ರೂಪಾಯಿ. "ಎಲ್ಲ ಸೇರಿತಲ್ವಾ ಸ್ವಾಮಿ?" ಅಂತ ಕೇಳಿದ್ದೆ. "ಎಲ್ಲ ಸೇರಿತು ತಾಯಿ" ಅಂದಿದ್ದರು.

ಗಯೆಯಲ್ಲಿ ಒಂದು ವಿಷಯ ಮುಖ್ಯ. ಮಂತ್ರ ಹೇಳಿ ಕಾರ್ಯ ಮಾಡಿಸುವವರು ಬೇರೆ. ಕಾರ್ಯ ಮುಗಿದ ಮೇಲೆ ಅಕ್ಷಯವಟದ ಕೆಳಗೆ ಕೂತು "ಸುಫಲ" ಅಂತ ಆಶೀರ್ವಾದ ಮಾಡುವವರು ಬೇರೆ. ಇವರು ಗಯಾವಾಲ ಪಂಡಾಗಳು, ಅಂದರೆ ಗಯೆಯಲ್ಲೇ ವಂಶಪಾರಂಪರ್ಯವಾಗಿ ಇರುವ ತೀರ್ಥಪುರೋಹಿತರು. ಯಾವ ಸೀಮೆಯ ಯಾತ್ರಿಕರು ಯಾವ ಪಂಡಾ ಮನೆಗೆ ಸೇರಬೇಕು ಅನ್ನುವುದು ತಲೆಮಾರುಗಳಿಂದ ಗೊತ್ತಾಗಿರುತ್ತದೆ. ದಕ್ಷಿಣೆಯೂ ಇಬ್ಬರಿಗೂ ಬೇರೆ ಬೇರೆ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಕಾರ್ಯದ ಹಿಂದಿನ ಸಂಜೆ ಪುರೋಹಿತರು ನಮ್ಮನ್ನು ಪಂಡಾ ಮನೆಗೆ ಕರೆದುಕೊಂಡು ಹೋದರು. ಗೋಡೆಯ ಉದ್ದಕ್ಕೂ ಕೆಂಪು ಬಟ್ಟೆ ಸುತ್ತಿದ ಉದ್ದನೆಯ ಬಹಿಗಳು, ಅಂದರೆ ಬಂದುಹೋದ ಯಾತ್ರಿಕರ ಹೆಸರು, ವಂಶ ಬರೆದಿಡುವ ಪುಸ್ತಕಗಳು. ಪಂಡಾ ನಮ್ಮ ಜಿಲ್ಲೆ, ತಾಲ್ಲೂಕು, ಊರು ಕೇಳಿದರು. ಒಂದು ಬಹಿ ಇಳಿಸಿ, ಬೆರಳಿಗೆ ಎಂಜಲು ಹಚ್ಚದೆ, ಪುಟದ ಮೂಲೆ ಹಿಡಿದು ನಿಧಾನವಾಗಿ ತಿರುವುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು. 1967. ನಮ್ಮ ತಾತನ ಹೆಸರು, ಊರು, ಗೋತ್ರ. ಕೆಳಗೆ ತಾತನದೇ ಕೈಬರಹದಲ್ಲಿ ಎರಡು ಸಾಲು ಕನ್ನಡ: ತಂದೆ ತಾಯಿಯ ಶ್ರಾದ್ಧ ಮಾಡಿರುತ್ತೇನೆ, ನಮ್ಮ ವಂಶದವರು ಬಂದರೆ ಇವರಲ್ಲಿಗೇ ಬರತಕ್ಕದ್ದು. ಸಹಿ. ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಮಕ್ಕಳ ಹೆಸರಿನ ಸಾಲಿನಲ್ಲಿ ಅಪ್ಪನ ಹೆಸರೂ ಇತ್ತು. ಅಣ್ಣ ಆ ಅಕ್ಷರದ ಮೇಲೆ ಕೈ ಇಟ್ಟ. ನನಗೆ ಮಾತು ಹೊರಡಲಿಲ್ಲ. ಅಷ್ಟು ದೂರದ ಊರಿನಲ್ಲಿ, ನಮ್ಮ ಭಾಷೆ ಓದಲು ಬಾರದವರು, ನಮ್ಮ ತಾತನ ಎರಡು ಸಾಲನ್ನು ಗೆದ್ದಲಿಗೆ ಕೊಡದೆ ಇಷ್ಟು ವರ್ಷ ಕಾಪಾಡಿದ್ದಾರೆ. ಆ ಕ್ಷಣಕ್ಕೆ ಅವರು ಏನು ಕೇಳಿದ್ದರೂ ಕೊಡುತ್ತಿದ್ದೆವು. ಅಮ್ಮ ತಾವಾಗೇ 500 ರೂಪಾಯಿ ಇಟ್ಟು ನಮಸ್ಕಾರ ಮಾಡಿದರು. ಅಣ್ಣನೂ ನಾನೂ ಬಹಿಯಲ್ಲಿ ಅಪ್ಪನ ತಿಥಿ ಬರೆದು ಸಹಿ ಹಾಕಿದೆವು.

ಮಾರನೇ ದಿನ ಬೆಳಗ್ಗೆ ಫಲ್ಗು. ರಾಮ ಇಲ್ಲದ ಹೊತ್ತಿನಲ್ಲಿ ಸೀತೆ ದಶರಥನಿಗೆ ಮರಳಿನ ಪಿಂಡ ಇಟ್ಟ ಜಾಗ ಅಂತ ಕಥೆ. ಸಾಕ್ಷಿ ಹೇಳದೆ ಸುಳ್ಳಾಡಿದ್ದಕ್ಕೆ ಸೀತೆ ಫಲ್ಗುವಿಗೆ ಮೇಲೆ ನೀರಿಲ್ಲದೆ ಹರಿ ಅಂತ, ಗಯೆಯ ಬ್ರಾಹ್ಮಣರಿಗೆ ಎಷ್ಟು ಸಿಕ್ಕರೂ ತೃಪ್ತಿ ಆಗದಿರಲಿ ಅಂತ ಶಾಪ ಕೊಟ್ಟಳು. ನಿಜ ಹೇಳಿದ ಆಲದ ಮರಕ್ಕೆ ಮಾತ್ರ ಅಕ್ಷಯವಾಗು ಅಂದಳು. ಈ ಕಥೆಯನ್ನು ನಮಗೆ ಹೇಳಿದ್ದು ಪುರೋಹಿತರೇ. ಸೀತೆಯೇ ಪಿಂಡ ಇಟ್ಟ ಮೇಲೆ ನಾನೂ ಇಡುತ್ತೇನೆ ಅಂದೆ. ಅವರು ಅಡ್ಡಿ ಮಾಡಲಿಲ್ಲ. ಹೆಣ್ಣುಮಕ್ಕಳು ಕೇಳಿ ಮಾಡಿಸಿಕೊಳ್ಳಬಹುದು, ಹಿಂಜರಿಯಬೇಡಿ.

ಮೊದಲೆಲ್ಲ ಇಲ್ಲಿ ಮರಳು ತೋಡಿ ನೀರು ತೆಗೆಯಬೇಕಿತ್ತು. 2022ರಲ್ಲಿ ವಿಷ್ಣುಪಾದದ ಹತ್ತಿರ ರಬ್ಬರ್ ಅಣೆಕಟ್ಟು ಕಟ್ಟಿದ ಮೇಲೆ ನೀರು ನಿಲ್ಲುತ್ತದೆ. ಯಾತ್ರಿಕರಿಗೆ ದೊಡ್ಡ ಉಪಕಾರ ಅದು. ಆದರೆ ನಿಂತ ನೀರಿಗೆ ಬರುತ್ತಿರುವುದು ಏನು ಅಂತ ನೋಡಿದರೆ ಮನಸ್ಸು ಕೆಡುತ್ತದೆ. ನಾವು ಕೂತ ಮೆಟ್ಟಿಲಿನಿಂದ ಸ್ವಲ್ಪ ಆಚೆ ಮೋರಿಯ ಕಪ್ಪು ನೀರು ಸೇರುತ್ತಿತ್ತು. ಮೆಟ್ಟಿಲ ಮೇಲೆ ಹಿಂದಿನ ದಿನದ ಹಿಟ್ಟಿನ ಪಿಂಡಗಳು ಹುಳಿ ಬಂದು ಬಿದ್ದಿದ್ದವು. ಮುತ್ತುಗದ ಎಲೆ, ಪ್ಲಾಸ್ಟಿಕ್ ಲೋಟ, ಎಳ್ಳಿನ ಪೊಟ್ಟಣ, ಹಾಲಿನ ಕವರು. ಒಂದು ನಾಯಿ ಅದರಲ್ಲೇ ಬಾಯಿ ಹಾಕಿತ್ತು. ನಮಗೆ ಕೂರಲು ಜಾಗ ಮಾಡಲು ಪುರೋಹಿತರ ಹುಡುಗ ಅದನ್ನೆಲ್ಲ ಪೊರಕೆಯಿಂದ ಪಕ್ಕದವರ ಮೆಟ್ಟಿಲಿಗೆ ತಳ್ಳಿದ. ನಮ್ಮದು ಮುಗಿದ ಮೇಲೆ ನಮ್ಮ ಪಿಂಡವನ್ನೂ ಇನ್ನೊಬ್ಬರು ಹೀಗೇ ತಳ್ಳುತ್ತಾರೆ ಅಲ್ವಾ ಅಂತ ಅನಿಸಿತು. ಯಾರದ್ದೋ ತಂದೆ, ಯಾರದ್ದೋ ತಾಯಿ ಅಂತ ಕಣ್ಣೀರು ಹಾಕಿ ಉಂಡೆ ಕಟ್ಟಿ ಇಟ್ಟದ್ದು ಅದು. ಒಂದೊಂದು ಮೆಟ್ಟಿಲಿಗೆ ಒಂದೊಂದು ತೊಟ್ಟಿ ಇಟ್ಟು, ತಾಸಿಗೊಮ್ಮೆ ಒಯ್ದು ಗೊಬ್ಬರ ಮಾಡಲು ಎಷ್ಟು ಖರ್ಚಾದೀತು? ಅಲ್ಲಿ ದಿನಕ್ಕೆ ಹರಿದಾಡುವ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಶೌಚಾಲಯ ಹುಡುಕಿದ್ದೇ ಒಂದು ಕಥೆ. ಒಂದಕ್ಕೆ ಬೀಗ. ಇನ್ನೊಂದರಲ್ಲಿ ನೀರಿಲ್ಲ. ಮಡಿಯಲ್ಲಿದ್ದ ಅಮ್ಮನನ್ನು ಮತ್ತೆ ರೂಮಿಗೆ ಕರೆದುಕೊಂಡು ಹೋಗಿ ಬರಬೇಕಾಯಿತು. ಹಾಗಾಗಿ ವಿಷ್ಣುಪಾದಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲೇ ರೂಮು ಹಿಡಿಯಿರಿ, ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ.

ವಿಷ್ಣುಪಾದದ ಗುಡಿ ಅಹಲ್ಯಾಬಾಯಿ ಹೋಳ್ಕರ್ 1787ರಲ್ಲಿ ಕಟ್ಟಿಸಿದ್ದು. ಕಪ್ಪು ಕಲ್ಲಿನ ಕಂಬಗಳ ಕೆಲಸ ನೋಡುತ್ತಾ ನಿಲ್ಲಬೇಕು ಅನಿಸುತ್ತದೆ. ಬೆಳ್ಳಿಯ ಕಟ್ಟೆಯ ನಡುವೆ ಬಂಡೆಯ ಮೇಲೆ ಪಾದದ ಗುರುತು. ಅಣ್ಣ ಅಲ್ಲಿ ಪಿಂಡ ಇಡುವಾಗ ಹಿಂದಿನಿಂದ ತಳ್ಳಾಟ. ಮುಂದೆ ನಿಂತವರೊಬ್ಬರು ಪಾದದ ಮೇಲೆ ನೋಟು ಇಡಿ, ನೋಟು ಇಡಿ ಅಂತ ಹೇಳುತ್ತಲೇ ಇದ್ದರು. ಹತ್ತು ರೂಪಾಯಿ ಇಟ್ಟರೆ ನೂರು ಅನ್ನುತ್ತಾರೆ. ಕೈಯಲ್ಲಿ ಚಿಲ್ಲರೆ ನೋಟು ಇಟ್ಟುಕೊಂಡಿರಿ, ಪರ್ಸು ಹೊರಗೆ ತೆಗೆಯಬೇಡಿ.

ಕೊನೆಗೆ ಅಕ್ಷಯವಟ. ಮರ ದೊಡ್ಡದು, ಕಟ್ಟೆ ತುಂಬ ಜನ. ಇಲ್ಲಿ ಒಂದು ಹಣ್ಣು, ಒಂದು ತರಕಾರಿ, ಒಂದು ಎಲೆ ಜೀವನಪೂರ್ತಿ ಬಿಡುವ ಸಂಕಲ್ಪ ಮಾಡುತ್ತಾರೆ. ಅಮ್ಮ ಬಿಟ್ಟಿದ್ದು ಅವರಿಗೆ ಪ್ರಾಣವಾದ ಸೀತಾಫಲ. ಪಿಂಡ ಆಯಿತು. ಪಂಡಾ ಬಂದು ಕೂತರು. ಅಣ್ಣನ ಎರಡೂ ಕೈ ಜೋಡಿಸಿ ಹೂವಿನ ಹಾರ ಸುತ್ತಿದರು. ಆಮೇಲೆ ಕೇಳಿದರು: "ಪಿತೃಗಳಿಗೆ ಏನು ಕೊಡ್ತೀರಿ?" ಅಣ್ಣ ಪುರೋಹಿತರ ಮುಖ ನೋಡಿದ. ಅವರು ನೆಲ ನೋಡಿದರು. ಪಂಡಾ ತಾವೇ ಹೇಳಿದರು, 21,000. ನಿಮ್ಮ ತಾತ ಇಲ್ಲಿ ಗೋದಾನ ಮಾಡಿದ್ದರು, ಬಹಿಯಲ್ಲಿದೆ. ಮೊಮ್ಮಗ ಅದಕ್ಕಿಂತ ಕಡಿಮೆ ಕೊಟ್ಟರೆ ತಂದೆಗೆ ಸದ್ಗತಿ ಹೇಗೆ?

ಎಲ್ಲ ಸೇರಿ 6,500 ಅಂತ ಮಾತಾಗಿತ್ತಲ್ಲ ಅಂತ ನಾನು ಅಂದೆ. ಅದು ಪುರೋಹಿತರದ್ದು, ಇದು ಬೇರೆ. ಹೆಂಗಸರು ನಡುವೆ ಮಾತಾಡಬಾರದು ಅಂದರು. ಅಣ್ಣನ ಕೈ ಹಾರದಲ್ಲೇ ಇತ್ತು. ಅವನ ಕಣ್ಣಲ್ಲಿ ನೀರು. ಅದು ಅಪ್ಪನಿಗಾಗಿ ಬಂದ ನೀರೋ, ಈ ಮಾತಿಗೆ ಬಂದದ್ದೋ ಅವನಿಗೇ ಗೊತ್ತು. ಹನ್ನೊಂದು ಸಾವಿರ ಅಂತ ಇಳಿಯಿತು. ಸುತ್ತ ಕೂತ ಬೇರೆ ಮನೆಯವರು ನೋಡುತ್ತಿದ್ದರು. ಸಂತೆಯಲ್ಲಿ ದನದ ವ್ಯಾಪಾರ ನಡೆದ ಹಾಗೆ ನಡೆಯಿತು ಅಪ್ಪನ ಸದ್ಗತಿಯ ಮಾತು.

ಕೊನೆಗೆ ಮಾತಾಡಿದ್ದು ಅಮ್ಮ. ಕನ್ನಡದಲ್ಲೇ, ದನಿ ಏರಿಸದೆ. "ಅವರಪ್ಪ ಸಾಲ ಮಾಡಿ ಯಾವತ್ತೂ ದಾನ ಮಾಡಿದೋರಲ್ಲ. ಯಾರ ಹತ್ರಾನೂ ಬಾಕಿ ಇಟ್ಕೊಂಡೋರಲ್ಲ. 5,100 ಕೊಡ್ತೀನಿ. ಸಂತೋಷವಾಗಿ ತಗೊಂಡು ಆಶೀರ್ವಾದ ಮಾಡಿ. ಇಲ್ಲಾಂದ್ರೆ ಹಾರ ಬಿಚ್ಚಿ, ಮರಕ್ಕೆ ನಮಸ್ಕಾರ ಹಾಕಿ ಹೋಗ್ತೀವಿ." ಪುರೋಹಿತರು ಹಿಂದಿಯಲ್ಲಿ ಹೇಳಿದರು. ಪಂಡಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾರ ತೆಗೆದು ಅಣ್ಣನ ಬೆನ್ನು ತಟ್ಟಿ "ಸುಫಲ" ಅಂದರು.

ಆಮೇಲೆ ಪುರೋಹಿತರು ನಮ್ಮ ಹತ್ತಿರ ಬಂದು, "ನಾನು ಮೊದಲೇ ಹೇಳಿದ್ರೆ ಇಲ್ಲಿ ನನಗೆ ಕೆಲಸ ಸಿಗಲ್ಲ ತಾಯಿ" ಅಂದರು. ಅವರಿಗೆ ಸಂಬಳ ಅಂತ ಏನೂ ಇಲ್ಲ. ಪಂಡಾ ಮನೆತನಗಳಿಗೂ ಇಲ್ಲ. ಯಾತ್ರಿಕರು ಕೊಟ್ಟರೆ ಉಂಟು. ಅದು ನನಗೆ ಅರ್ಥವಾಗುತ್ತದೆ. ದುಡ್ಡು ಕೇಳಿದ್ದಕ್ಕೆ ನನಗೆ ಬೇಜಾರಿಲ್ಲ. ಹಿಂದಿನ ಸಂಜೆ ಬಹಿ ತೋರಿಸಿದಾಗಲೇ "ಸುಫಲಕ್ಕೆ ಹತ್ತು ಸಾವಿರ ಆಗುತ್ತದೆ" ಅಂದಿದ್ದರೆ ಕೊಡುತ್ತಿದ್ದೆವೇನೋ. ಕೈ ಕಟ್ಟಿದ ಮೇಲೆ ಕೇಳಿದ್ದು, ಸತ್ತವರ ಗತಿಯನ್ನು ಅಡ ಇಟ್ಟು ಕೇಳಿದ್ದು, ಅದಕ್ಕೆ ತಾತನ ಕೈಬರಹವನ್ನೇ ಬಳಸಿದ್ದು, ಅದು ತಪ್ಪು. ಅಕ್ಷಯವಟದ ಕಟ್ಟೆಯ ಮೇಲೆ ಒಂದು ದರಪಟ್ಟಿ ಹಾಕಿ, ಹಿಂದಿಯ ಜೊತೆ ಕನ್ನಡ, ತೆಲುಗು, ತಮಿಳು, ಮರಾಠಿ, ಬಂಗಾಳಿಯಲ್ಲೂ ಬರೆದು, ರಸೀದಿ ಕೊಡಲಿ. ಅದರಲ್ಲೇ ಒಂದು ಪಾಲು ಮೆಟ್ಟಿಲು ತೊಳೆಯುವುದಕ್ಕೆ ಅಂತ ತೆಗೆದಿಡಲಿ. ಯಾತ್ರಿಕರು ಖಂಡಿತ ಕೊಡುತ್ತಾರೆ. ಇದೇ ಮಾತನ್ನು ಗಯೆಯ ಜಿಲ್ಲಾಡಳಿತಕ್ಕೆ ಬರೆದು ಕಳಿಸಿದ್ದೇನೆ, ಫೋಟೋಗಳ ಸಮೇತ.

ನೀವು ಹೋಗುವಾಗ ಪುರೋಹಿತರನ್ನು ಗೊತ್ತು ಮಾಡಿಕೊಳ್ಳುವ ದಿನವೇ ಮೂರು ಪ್ರಶ್ನೆ ಕೇಳಿ. ಸುಫಲದ ದಕ್ಷಿಣೆ ಇದರಲ್ಲಿ ಸೇರಿದೆಯೋ ಇಲ್ಲವೋ? ಪಂಡಾ ಯಾರು, ಅವರಿಗೆ ಎಷ್ಟು? ವಿಷ್ಣುಪಾದದ ಒಳಗೆ, ಅಕ್ಷಯವಟದಲ್ಲಿ ಬೇರೆ ಯಾರಿಗಾದರೂ ಕೊಡಬೇಕೋ? ಉತ್ತರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ದುಡ್ಡಿನ ಮಾತಿಗೆ ಕಾರ್ಯಕ್ಕೆ ಕೂರದ ಒಬ್ಬರನ್ನು ನೇಮಿಸಿ. ಕಾರ್ಯಕ್ಕೆ ಕೂತವರ ಜೇಬಿನಲ್ಲಿ ದುಡ್ಡೇ ಇರಬಾರದು.

ಖರ್ಚು ಕೇಳುವವರಿಗೆ: ರೈಲು, ಊಟ, ರೂಮು, ಆಟೋ, ದೋಣಿ, ದಕ್ಷಿಣೆ ಎಲ್ಲ ಸೇರಿ ನಾಲ್ಕು ಜನಕ್ಕೆ ಸುಮಾರು 62,000 ರೂಪಾಯಿ ಆಯಿತು. ಮಠಗಳಲ್ಲಿ ಉಳಿದಿದ್ದಕ್ಕೆ, ಅಲ್ಲೇ ಊಟ ಆಗಿದ್ದಕ್ಕೆ ಇಷ್ಟರಲ್ಲಿ ಮುಗಿಯಿತು. ಬಾಳೆಎಲೆಯ ಮೇಲೆ ಬಿಸಿ ಸಾರು ಅನ್ನ ಬಡಿಸಿ, ಕೊನೆಗೆ ಹುಂಡಿ ತೋರಿಸಿ "ಇಷ್ಟವಿದ್ದಷ್ಟು ಹಾಕಿ" ಅಂದವರೂ ಇದೇ ಕ್ಷೇತ್ರಗಳಲ್ಲಿ ಇದ್ದಾರೆ. ಅವರು ಕೇಳದಿದ್ದರೂ ನಾವೇ ಜಾಸ್ತಿ ಹಾಕಿ ಬಂದೆವು.

ಇನ್ನು ಆ ರಸೀದಿಯ ವಿಷಯ. ನಮ್ಮ ಮುಜರಾಯಿ ಇಲಾಖೆ 2022ರಲ್ಲಿ ಕಾಶಿಯಾತ್ರೆಗೆ ಹೋಗಿಬಂದವರಿಗೆ 5,000 ರೂಪಾಯಿ ಸಹಾಯಧನ ಶುರು ಮಾಡಿತು. ಅರ್ಜಿ ಸೇವಾ ಸಿಂಧು ಪೋರ್ಟಲ್‌ನಲ್ಲಿ. ಕರ್ನಾಟಕದ ವಾಸಿ, 18 ವರ್ಷ ದಾಟಿರಬೇಕು, ಜೀವನದಲ್ಲಿ ಒಂದೇ ಸಲ. ಕಾಶಿ ವಿಶ್ವನಾಥನ ದರ್ಶನ ಮಾಡಿದ್ದಕ್ಕೆ ದಾಖಲೆ ಬೇಕು. ಹೊರಡುವ ಮುಂಚೆಯೇ ಪೋರ್ಟಲ್‌ನಲ್ಲಿ ಆ ವರ್ಷದ ಷರತ್ತು ಓದಿಕೊಂಡು, ಪ್ರತಿಯೊಬ್ಬರ ಹೆಸರಿನಲ್ಲೂ ಬೇರೆ ಬೇರೆ ರಸೀದಿ ತೆಗೆಸಿಕೊಳ್ಳಿ, ಒಂದೇ ರಸೀದಿಯಲ್ಲಿ ಮನೆಯವರೆಲ್ಲರನ್ನೂ ಸೇರಿಸಬೇಡಿ. ಅಮ್ಮನ ಅರ್ಜಿ ಮೊದಲ ಸಲ ವಾಪಸ್ ಬಂತು. ಆಧಾರ್‌ನಲ್ಲಿ ಇನಿಷಿಯಲ್ ಕೊನೆಗಿದೆ, ಪಾಸ್‌ಬುಕ್ಕಿನಲ್ಲಿ ಮೊದಲಿಗಿದೆ. ಬ್ಯಾಂಕಿಗೆ ಹೋಗಿ ಹೆಸರು ಸರಿ ಮಾಡಿಸಿ, ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ನೋಡಿಸಿ ಮತ್ತೆ ಹಾಕಿದ್ದೇವೆ. ಈ ಸಲ ತಗೊಂಡಿದ್ದಾರೆ.